ಎತ್ತರಿಸುವ ಮುನ್ನ: ಹಳೆಯ ಫೋರ್‌ವೀಲ್ ವಾಹನಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್ ಇರುವ, ಸುಮಾರು 30 ವರ್ಷ ಹಳೆಯ ಜೀಪೊಂದನ್ನು ಕೊಂಡಿದ್ದೇನೆ. ಈಗಿರುವ 28 ಇಂಚಿನ ಟೈರುಗಳ ಬದಲು 31 ಇಂಚಿನವನ್ನು ಹಾಕಿಸಿ, ಸ್ಪ್ರಿಂಗ್ ತುದಿಯನ್ನು ಚಾಸಿಗೆ (ಗಾಡಿಯ ಅಡಿಚೌಕಟ್ಟಿಗೆ) ಕೂಡಿಸುವ ಕೊಂಡಿಗಳಾದ ಶ್ಯಾಕಲ್‌ಗಳ ಬದಲು ಉದ್ದನೆಯ ಶ್ಯಾಕಲ್‌ಗಳಿಂದ ಗಾಡಿಯನ್ನು ಎತ್ತರಿಸುವ ಯೋಚನೆಯಿದೆ. ವೇಗ 60 ಕಿ.ಮೀ. ದಾಟಿದಾಗ ಸ್ಟೀರಿಂಗ್ ಜೋರಾಗಿ ನಡುಗುತ್ತದೆ. ಅದಕ್ಕೆ ನಡುಕ ಹೀರುವ ಡ್ಯಾಂಪರ್ ಹಾಕಿಸಿದರೆ ಸಾಕು ಎನ್ನುತ್ತಾರೆ. ಯಾವ ಕೆಲಸವನ್ನು ಮೊದಲು ಮಾಡಿಸಬೇಕು?

ಉತ್ತರ: ನೀವು ಕೊನೆಯಲ್ಲಿ ಬರೆದಿರುವ ನಡುಕದ ವಿಷಯವೇ ಮೊದಲು ಬಗೆಹರಿಯಬೇಕು. ಎಡಬಲ ಚಕ್ರಗಳೆರಡನ್ನೂ ಒಂದೇ ದಂಡ ಹೊರುವ ಗಟ್ಟಿ ಆಕ್ಸಲ್‌ನ ವಾಹನಗಳಲ್ಲಿ ಒಂದು ವೇಗ ಮುಟ್ಟಿದೊಡನೆ ಶುರುವಾಗುವ ಇಂಥ ನಡುಕಕ್ಕೆ ಸವೆದ ಕಿಂಗ್‌ಪಿನ್ (ಮುಂಚಕ್ರ ಎಡಬಲಕ್ಕೆ ತಿರುಗುವ ಕೀಲು) ಬೇರಿಂಗ್, ಮುಂಚಕ್ರಗಳೆರಡನ್ನೂ ಜೋಡಿಸುವ ಟೈ ರಾಡ್‌ನ ಸಡಿಲವಾದ ತುದಿಗಳು, ಹರಿದ ಸ್ಪ್ರಿಂಗ್ ಬುಷ್, ಬ್ಯಾಲೆನ್ಸ್ ತಪ್ಪಿದ ಚಕ್ರ ಇವುಗಳಲ್ಲಿ ಒಂದೋ ಎರಡೋ ಸೇರಿ ಕಾರಣವಾಗಿರುತ್ತವೆ. ಡ್ಯಾಂಪರ್ ಹಾಕಿಸಿದರೆ ನಡುಕ ಕೈಗೆ ತಿಳಿಯದಂತಾಗುತ್ತದೆ, ಸವೆತ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ಮುಂಚಕ್ರವನ್ನು ಜಾಕ್‌ನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಅಲುಗಾಡಿಸಿ ನೋಡಿ. ಪ್ಲೇ (ಸಡಿಲ ಅಲುಗಾಟ) ಕಂಡುಬಂದರೆ, ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ: ಆಗ ಪ್ಲೇ ಮಾಯವಾದರೆ ದೋಷ ಹಬ್ ಬೇರಿಂಗ್‌ನದು, ಹಾಗೆಯೇ ಉಳಿದರೆ ಕಿಂಗ್‌ಪಿನ್‌ನದು.

ಗಾಡಿಯ ಕೆಳಗೆ ಹೋದಾಗಲೇ ಚಾಸಿಯನ್ನೂ ಪರೀಕ್ಷಿಸಿ. ಸ್ಪ್ರಿಂಗ್ ಹ್ಯಾಂಗರ್‌ಗಳ ಸುತ್ತ ಮತ್ತು ಮಣ್ಣು ಸೇರಿ ತೇವ ನಿಲ್ಲುವ ಮೂಲೆಗಳಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ, ಗಟ್ಟಿ ಲೋಹ ಖಣಿ ಎನ್ನುತ್ತದೆ, ಒಳಗಿನಿಂದ ತುಕ್ಕು ತಿಂದಿರುವುದು ಮಂಕಾದ ಸದ್ದು ಕೊಡುತ್ತದೆ. ಹೊಸದಾಗಿ ಕಪ್ಪು ಬಣ್ಣ ಬಳಿದ ಚಾಸಿಯನ್ನು ಕಂಡರೆ ನನಗೆ ಯಾವಾಗಲೂ ಸ್ವಲ್ಪ ಅನುಮಾನ. ಬ್ರೇಕಿನ ರಬ್ಬರ್ ಹೋಸ್‌ಗಳು ಬಿರುಕು ಬಿಟ್ಟಿದ್ದರೆ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಪೂರ್ತಿ ಹೊಸದಾಗಿ ತುಂಬಿಸುವುದು ಒಳ್ಳೆಯದು.

ಇನ್ನು ಟೈರಿನ ಲೆಕ್ಕ. 28ರಿಂದ 31 ಇಂಚಿಗೆ ಹೋದರೆ ವ್ಯಾಸ ಸುಮಾರು ಶೇ. 11ರಷ್ಟು ಹೆಚ್ಚುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 66ರ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ಗೇರುಗಳ ಗೂಡು) ಅನುಪಾತ 4.1 ಇದ್ದರೆ ಅದು 3.7ರಂತೆ ವರ್ತಿಸಿ, ಏರುದಾರಿಯಲ್ಲಿ ಎಂಜಿನ್ ಬೇಗ ಏದುಸಿರು ಬಿಡುತ್ತದೆ. ಬ್ರೇಕು, ಆಕ್ಸಲ್ ಶಾಫ್ಟ್, ಸ್ಟೀರಿಂಗ್ ಬಾಕ್ಸ್ ಎಲ್ಲದರ ಮೇಲೂ ಹೊರೆ ಏರುತ್ತದೆ. ಇಷ್ಟೆಲ್ಲ ಆದಮೇಲೆ ಡಿಫರೆನ್ಷಿಯಲ್ ನೆಲದಿಂದ ಮೇಲೇರುವುದು ಒಂದೂವರೆ ಇಂಚು ಮಾತ್ರ. ಹಾಗಿದ್ದರೂ ಆಕ್ಸಲ್ಲನ್ನು ಎತ್ತರಿಸಬಲ್ಲದ್ದು ಟೈರೊಂದೇ. ಸ್ಪ್ರಿಂಗ್ ಅಥವಾ ಶ್ಯಾಕಲ್ ಎತ್ತುವುದು ಚಾಸಿಯನ್ನು ಮತ್ತು ಬಾಡಿಯನ್ನು. ಕಲ್ಲಿಗೆ ಮೊದಲು ತಾಗುವ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ.

ಉದ್ದ ಶ್ಯಾಕಲ್‌ಗಳನ್ನು ನಾನು ಸಲಹೆ ಮಾಡುವುದಿಲ್ಲ. ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಸುಮಾರು ಒಂದು ಇಂಚು ಏರುತ್ತದೆ, ಅದರ ಜೊತೆಗೆ ಮುಂದಿನ ಆಕ್ಸಲ್ ತುಸು ತಿರುಗಿಕೊಂಡು ಕ್ಯಾಸ್ಟರ್ ಕೋನ (ಕಿಂಗ್‌ಪಿನ್ ಹಿಂದಕ್ಕೆ ಓರೆಯಾಗಿರುವ ಅಳತೆ) ಬದಲಾಗುತ್ತದೆ. ಆ ಕೋನ ಕಡಿಮೆಯಾದರೆ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಅಲೆಯುತ್ತದೆ, ಮತ್ತು ನಿಮ್ಮನ್ನು ಕಾಡುತ್ತಿರುವ ನಡುಕವೇ ಇನ್ನಷ್ಟು ಹೆಚ್ಚಬಹುದು. ಎತ್ತರ ಬೇಕೇಬೇಕೆಂದರೆ ಪೂರ್ತಿ ಹೊಸ ಸ್ಪ್ರಿಂಗ್ ಸೆಟ್ ಹಾಕಿಸಿ, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯೂ-ಬೋಲ್ಟ್‌ಗಳನ್ನೂ ಹೊಸತೇ ಬಳಸಿ, ಕೆಲವು ನೂರು ಕಿ.ಮೀ. ಓಡಿದ ಬಳಿಕ ಅವುಗಳನ್ನು ಮತ್ತೊಮ್ಮೆ ಬಿಗಿಗೊಳಿಸಿ. ಆಕ್ಸಲ್ ಪೂರ್ತಿ ಕೆಳಗೆ ಜೋತಾಗ ಬ್ರೇಕ್ ಹೋಸ್ ಎಳೆಯುವುದಿಲ್ಲವೆಂದು, ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ಗಳು ತೀರಾ ಓರೆಯಾಗಿ ಸಿಕ್ಕಿಕೊಳ್ಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಈ ಬದಲಾವಣೆಗಳಿಗೆ ನೋಂದಣಿ ಮತ್ತು ವಿಮೆಯ ನಿಯಮಗಳಲ್ಲಿ ಅವಕಾಶವಿದೆಯೇ ಎಂಬುದನ್ನೂ ಮೊದಲೇ ವಿಚಾರಿಸಿ. ನನ್ನನ್ನು ಕೇಳಿದರೆ, ಮೂಲ ಅಳತೆಯ ಒಳ್ಳೆಯ ಮಡ್ ಟೈರ್ ಹಾಕಿಸಿ, ಮಣ್ಣಿನ ದಾರಿಗೆ ಇಳಿದಾಗ ಗಾಳಿಯ ಒತ್ತಡವನ್ನು 28ರಿಂದ 18 ಪೌಂಡಿನ ಆಸುಪಾಸಿಗೆ ಇಳಿಸಿ ಓಡಿಸಿ ನೋಡಿ. ಡಾಂಬರಿಗೆ ಮರಳಿದೊಡನೆ ಮತ್ತೆ ತುಂಬಿಸಲು ಮರೆಯಬೇಡಿ. 31 ಇಂಚಿನ ಟೈರಿನ ಅಗತ್ಯ ನಿಜವಾಗಿ ಇದೆಯೇ ಎಂಬುದು ಆಗ ತಿಳಿಯುತ್ತದೆ.

ಪ್ರಶ್ನೆ: ಮೊಣಕಾಲೆತ್ತರದ ಹೊಳೆಯನ್ನು ದಾಟಿದ ಮರುದಿನ ಹಿಂದಿನ ಡಿಫರೆನ್ಷಿಯಲ್ ಆಯಿಲ್ ಹಾಲಿನಂತೆ ಬಿಳಿಚಿಕೊಂಡಿತ್ತು. ಆಯಿಲ್ ಸೀಲ್‌ಗಳನ್ನು ಇತ್ತೀಚೆಗಷ್ಟೇ ಬದಲಿಸಿದ್ದೆ. ನೀರು ಹೇಗೆ ಒಳಹೋಯಿತು?

ಉತ್ತರ: ಆಕ್ಸಲ್ ಮೇಲಿರುವ ಪುಟ್ಟ ಬ್ರೀದರ್ (ಗಾಳಿಯಾಡುವ ರಂಧ್ರ) ಕೆಸರಿನಿಂದ ಕಟ್ಟಿಕೊಂಡಿರಬೇಕು. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳಲು ನೋಡುತ್ತದೆ. ಬ್ರೀದರ್ ಮುಚ್ಚಿದ್ದರೆ ಆ ಸೆಳೆತಕ್ಕೆ ಸೀಲ್‌ನ ಅಂಚಿನ ಮೂಲಕ ನೀರು ನುಗ್ಗುತ್ತದೆ. ಸೀಲ್ ರೂಪುಗೊಂಡಿರುವುದು ಒಳಗಿನ ಎಣ್ಣೆಯನ್ನು ತಡೆಯಲು, ಹೊರಗಿನ ನೀರನ್ನಲ್ಲ. ಬ್ರೀದರನ್ನು ಸ್ವಚ್ಛಗೊಳಿಸಿ, ಎಣ್ಣೆ ತಾಳುವ ರಬ್ಬರ್ ಕೊಳವೆಯನ್ನು ಅದಕ್ಕೆ ಜೋಡಿಸಿ, ಇನ್ನೊಂದು ತುದಿಯನ್ನು ನೀರು ಮುಟ್ಟದಷ್ಟು ಎತ್ತರಕ್ಕೆ ಒಯ್ದು ಕಟ್ಟಿ. ಹಳೆಯ ಗಾಡಿಗೆ ಮಾಡಬಹುದಾದ ಮಾರ್ಪಾಡುಗಳಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಪ್ರಯೋಜನ ಕೊಡುವುದು ಬೇರೆ ಇಲ್ಲವೆಂದೇ ಹೇಳಬೇಕು. ಕೆಟ್ಟ ಆಯಿಲನ್ನು ಬಸಿದು, ಹೊಸತು ತುಂಬಿ, ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಸಿದರೆ ಉಳಿದ ನೀರೂ ಹೊರಬರುತ್ತದೆ. ಹಬ್ ಬೇರಿಂಗ್‌ಗಳ ಗ್ರೀಸನ್ನೂ ತೆಗೆದು ನೋಡಿ. ಎಂದಾದರೂ ನೀರಿನ ನಡುವೆ ಎಂಜಿನ್ ನಿಂತರೆ ಸ್ಟಾರ್ಟರ್ ಮುಟ್ಟಬೇಡಿ. ನೀರು ಕುಗ್ಗುವ ವಸ್ತುವಲ್ಲವಾದ್ದರಿಂದ, ಸಿಲಿಂಡರಿಗೆ ಅದು ಸೇರಿದ್ದರೆ ಕನೆಕ್ಟಿಂಗ್ ರಾಡ್ ಬಾಗಿಬಿಡಬಹುದು.

ಪ್ರಶ್ನೆ: ಡಾಂಬರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿದ ಮೇಲೆ ಲಿವರ್ ಹೊರಬರುತ್ತಿಲ್ಲ. ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಗೇರುಪೆಟ್ಟಿಗೆ) ಬಿಚ್ಚಬೇಕೇ?

ಉತ್ತರ: ಬೇಡ. ಹಳೆಯ ಗಾಡಿಗಳಲ್ಲಿ ಹೆಚ್ಚಿನವುಗಳಿಗೆ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಸಾಗುವ ದೂರ ಬೇರೆಬೇರೆ. ಮಣ್ಣಿನಲ್ಲಿ ಟೈರು ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ, ಒಣ ಡಾಂಬರಿನಲ್ಲಿ ಅದು ಶಾಫ್ಟ್‌ಗಳಲ್ಲಿ ತಿರುಚುವಿಕೆಯಾಗಿ ಉಳಿದು ಗೇರುಗಳನ್ನು ಬಿಗಿಹಿಡಿಯುತ್ತದೆ. ನೇರವಾಗಿ ಕೆಲವು ಮೀಟರ್ ಹಿಂದಕ್ಕೆ ಓಡಿಸುತ್ತ ಲಿವರನ್ನು ಮೆಲ್ಲಗೆ ಎಳೆಯಿರಿ, ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಸಡಿಲ ಮಣ್ಣಿನ ಮೇಲೂ ಇದೇ ತೊಂದರೆ ಕಾಣಿಸಿದರೆ, ಮುಂದಿನ ಮತ್ತು ಹಿಂದಿನ ಟೈರುಗಳ ಅಳತೆ ಹಾಗೂ ಸವೆತವನ್ನು ಹೋಲಿಸಿ ನೋಡಿ, ಬಳಿಕ ಲಿವರಿನ ಕೀಲುಗಳಿಗೆ ಗ್ರೀಸ್ ಹಾಕಿಸಿ.