ಕಬ್ಬಿನ ಗದ್ದೆಗೆ ಬಂದ ಆನೆ ‘ಮರಾಡರ್’ ಹೌದಾ?

ಪ್ರಶ್ನೆ: ನಮ್ಮ ಕಡೆ ಕಬ್ಬಿನ ಗದ್ದೆಗೆ ನುಗ್ಗಿದ ಕಾಡಾನೆಗಳನ್ನು ಇಂಗ್ಲಿಷ್ ಪೇಪರಿನಲ್ಲಿ ‘ಮರಾಡಿಂಗ್ ಎಲಿಫೆಂಟ್ಸ್’ ಎಂದು ಬರೆದಿದ್ದರು. ಡಿಕ್ಷನರಿಯಲ್ಲಿ ‘ಲೂಟಿ ಮಾಡುವ’ ಅಂತಿದೆ. ಹಾಗಾದರೆ ಮನೆಗೆ ಕನ್ನ ಹಾಕಿದ ಕಳ್ಳನೂ ಮರಾಡರ್ ತಾನೇ?
– ಓದುಗರು, ಮಳವಳ್ಳಿ

ಉತ್ತರ: ಅಲ್ಲ. ನಿಮ್ಮ ಡಿಕ್ಷನರಿ ಅರ್ಧ ಮಾತ್ರ ಹೇಳಿದೆ. ಮರಾಡ್ ಅಂದರೆ ಅಲೆಯುತ್ತಾ, ದಾರಿಯಲ್ಲಿ ಸಿಕ್ಕಿದ್ದನ್ನು ದೋಚುವುದು. ಒಂದೇ ಮನೆಯನ್ನು ಗುರುತು ಮಾಡಿಕೊಂಡು, ರಾತ್ರಿ ಬಂದು ಬೀರು ಒಡೆದವನು ಬರ್ಗ್ಲರ್. ಹೆದರಿಸಿ ಸರ ಕಿತ್ತವನು ರಾಬರ್. ಗುಂಪು ಕಟ್ಟಿಕೊಂಡು ಊರಿಂದೂರಿಗೆ ಹೋಗುತ್ತಾ ದವಸ, ದನ, ಒಡವೆ ಎಲ್ಲ ಬಾಚುವವರು ಮರಾಡರ್ಸ್.

ಪಿಂಡಾರಿಗಳ ಕತೆ ಕೇಳಿರುತ್ತೀರಿ. ಮರಾಠ ಸೇನೆಗಳ ಜೊತೆ ಬರುತ್ತಿದ್ದ ಕುದುರೆ ಸವಾರರು. ಸಾಮಾನ್ಯವಾಗಿ ಸಂಬಳ ಇಲ್ಲ, ಲೂಟಿಯೇ ಸಂಪಾದನೆ. 1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಮರಾಠರು ಅವನ ಕಡೆ ಇದ್ದರು. ಅದೇ ವರ್ಷ ಅವರ ಜೊತೆಗಿದ್ದ ಪಿಂಡಾರಿಗಳು ಶೃಂಗೇರಿ ಮಠವನ್ನು ಸೂರೆ ಮಾಡಿದರು. ಆಮೇಲೆ ಮಠಕ್ಕೆ ಹಣ ಕಳಿಸಿದ್ದು ಟಿಪ್ಪು. ಜಗಳ ಇದ್ದದ್ದು ಟಿಪ್ಪುವಿನ ಮೇಲೆ, ಕೈಗೆ ಸಿಕ್ಕಿದ್ದು ಮಠ. ಮರಾಡಿಂಗ್ ಅಂದರೆ ಇದೇ.

ಈ ಪದ ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದ ಕೊನೆಗೆ, ಫ್ರೆಂಚಿನಿಂದ. ಅಲ್ಲಿ ಅದರ ಮೂಲ ಪದಕ್ಕೆ ಪೋಲಿ, ಪುಂಡ ಅಂತ ಅರ್ಥ. ಮಜಾ ನೋಡಿ, ನಮ್ಮ ಕನ್ನಡ ಪೇಪರುಗಳು ಇಂಥ ಆನೆಗೆ ‘ಪುಂಡಾನೆ’ ಅನ್ನುತ್ತವೆ!

ಆನೆಗೆ ಈ ಪದ ಬಳಸಿದರೆ ಇಂಗ್ಲಿಷ್ ವ್ಯಾಕರಣವೇನೂ ಕೆಡುವುದಿಲ್ಲ. ಹಿಂಡು ಅಲೆಯುತ್ತದೆ, ತಿನ್ನುತ್ತದೆ, ತುಳಿಯುತ್ತದೆ. ಆದರೂ ನನಗೆ ಅದು ಜಾಸ್ತಿ ಆಯಿತು ಅನಿಸುತ್ತದೆ. ರೈತನ ನಷ್ಟ ಸಣ್ಣದಲ್ಲ, ನಿಜ. ಆದರೆ ಕಬ್ಬೂ ಹುಲ್ಲಿನ ಜಾತಿಯೇ ಅಲ್ವಾ? ಆನೆ ಬಂದದ್ದು ಮೇಯಲು. ಲೂಟಿಕೋರನಿಗೆ ಅದು ತನ್ನದಲ್ಲ ಅಂತ ಗೊತ್ತಿರುತ್ತದೆ.

ಬಳಸುವಾಗ ‘ಮರಾಡಿಂಗ್’ ರೂಪವೇ ಹೆಚ್ಚು. ‘ದೇ ಮರಾಡೆಡ್’ ಅಂತ ಬರೆಯುವವರು ಕಡಿಮೆ. ಫುಟ್‌ಬಾಲ್ ಕಾಮೆಂಟರಿಯಲ್ಲಿ ‘ಮರಾಡಿಂಗ್ ಫುಲ್‌ಬ್ಯಾಕ್’ (ಹಿಂದೆ ನಿಂತು ಕಾಯಬೇಕಾದವನು ಮುಂದೆ ನುಗ್ಗಿ ದಾಳಿ ಮಾಡುತ್ತಾನೆ) ಅಂದರೆ ಬೈಗುಳವಲ್ಲ, ಹೊಗಳಿಕೆ. ಹೇಳುವಾಗ ಒತ್ತು ‘ರಾ’ ಮೇಲೆ ಬರಲಿ, ‘ಲಾ ಕಾಲೇಜ್’ ಅನ್ನುವಾಗಿನಂತೆ ಬಾಯಿ ಗುಂಡಗಾಗಲಿ.

ಕನ್ನಡಕ್ಕೆ ತರುವಾಗ ಸುಮ್ನೆ ‘ದರೋಡೆಕೋರರು’ ಎಂದು ಹಾಕಬೇಡಿ, ಅಲೆಯುವ ಅರ್ಥ ಬಿಟ್ಟುಹೋಗುತ್ತದೆ. ‘ಸೂರೆ ಮಾಡುತ್ತಾ ಅಲೆಯುವ ಗುಂಪು’ ಅನ್ನಿ. ಆನೆಗಳಾದರೆ ‘ದಾಂಧಲೆ ಎಬ್ಬಿಸಿದ ಕಾಡಾನೆಗಳು’ ಸಾಕು.