ಹಗೇವು ಬಲ್ಲವರಿಗೆ ಹಡಗಿನ ಹೊಟ್ಟೆ ಹೊಸದಲ್ಲ

ಈ ಸಲದ ಪ್ರಶ್ನೋತ್ತರ ಹಡಗುಕಟ್ಟೆಯ ಕೆಲಸಗಾರರದು. ಸಮುದ್ರದಿಂದ ಇಷ್ಟು ದೂರದ ನಮ್ಮ ಜಿಲ್ಲೆಗಳಲ್ಲಿ ಈ ವಿಷಯ ಏಕೆ ಎನ್ನುವವರು ಗೋವಾದ ಬಂದರು ಊರು ವಾಸ್ಕೊಗೆ ಹೊರಡುವ ಬಸ್ಸಿನೊಳಗೆ ಒಮ್ಮೆ ಇಣುಕಿ ನೋಡಲಿ. ಬಂದರಿನ ಸುರಕ್ಷತೆ ಬಲ್ಲವರು ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ತಮ್ಮ ಕಲ್ಲಿದ್ದಲು ಇಳಿಸುವ ಗ್ಯಾಂಗಿನಲ್ಲಿದ್ದಾನೆ. ಹೋಲ್ಡಿನ (ಸರಕು ತುಂಬುವ ಹಡಗಿನ ಹೊಟ್ಟೆಯ) ಮೇಲಿನ ದೊಡ್ಡ ಮುಚ್ಚಳ ಪೂರ್ತಿ ತೆರೆದಿದ್ದರೂ ಗಾಳಿಯ ಪರೀಕ್ಷೆ ಆಗದೆ ಏಣಿ ಇಳಿಯಬೇಡಿ ಎಂದು ತಡೆಯುತ್ತಾರಂತೆ. ಬಾಯಿ ತೆರೆದ ಹೊಂಡದಲ್ಲಿ ಗಾಳಿಗೇನು ಕೊರತೆ?
— ಓದುಗರು, ಬಸವನ ಬಾಗೇವಾಡಿ

ಉತ್ತರ: ನಿಮ್ಮೂರಿನ ಹಿರಿಯರನ್ನು ಹಗೇವಿನ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜದ, ಬಗ್ಗೆ ಕೇಳಿ. ಬಾಯಿ ತೆಗೆದ ಕೂಡಲೇ ಅದರೊಳಗೆ ಯಾರೂ ಇಳಿಯುತ್ತಿರಲಿಲ್ಲ. ಮುಚ್ಚಿಟ್ಟ ಜೋಳ ಉಸಿರಾಡಿ ಆಮ್ಲಜನಕ ತಿಂದಿರುತ್ತದೆ. ಅದು ಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ಕೂತಿರುತ್ತದೆ. ಹಡಗಿನ ಹೋಲ್ಡ್ ಕೂಡ ಹಗೇವೇ, ಕಬ್ಬಿಣದ್ದು ಅಷ್ಟೆ. ಕಲ್ಲಿದ್ದಲು ಕೂತಲ್ಲೇ ನಿಧಾನಕ್ಕೆ ಆಮ್ಲಜನಕ ಹೀರುತ್ತದೆ, ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಕೆಲವು ಜಾತಿಯ ಕಲ್ಲಿದ್ದಲು ಮೀಥೇನ್ ಕೂಡ ಬಿಡುತ್ತದೆ. ಗುಜರಿ ಕಬ್ಬಿಣ ತುಕ್ಕು ಹಿಡಿಯುತ್ತ, ಮರದ ದಿಮ್ಮಿ ಕೊಳೆಯುತ್ತ ಅದೇ ಆಮ್ಲಜನಕವನ್ನು ಖಾಲಿ ಮಾಡುತ್ತವೆ.

ಬಾಯಿ ತೆರೆದಿದೆ ಎಂಬ ಮಾತು ನಿಜ. ಆದರೆ ನಿಮ್ಮ ತಮ್ಮ ಇಳಿಯುವುದು ಆ ಬಾಯಿಯಿಂದಲ್ಲ, ಪಕ್ಕದ ಏಣಿಗೂಡಿನಿಂದ. ದೊಡ್ಡ ಸರಕು ಹಡಗುಗಳಲ್ಲಿ ಹೋಲ್ಡಿನ ಒಂದು ಕೊನೆಗೆ ನೆಟ್ಟಗಿನ ಏಣಿ, ಇನ್ನೊಂದು ಕೊನೆಗೆ ಉಕ್ಕಿನ ಗೂಡಿನೊಳಗೆ ಸುತ್ತಿಕೊಂಡು ಇಳಿಯುವ ಮೆಟ್ಟಿಲು ಇರುತ್ತದೆ. ಆ ಮೆಟ್ಟಿಲನ್ನು ಕೆಲಸಗಾರರು ‘ಆಸ್ಟ್ರೇಲಿಯನ್ ಲ್ಯಾಡರ್’ ಎನ್ನುತ್ತಾರೆ. ಗೂಡಿನ ಕೆಳಗಿನ ಕಿಂಡಿಗಳಿಗೆ ಸರಕು ರಾಶಿ ಒತ್ತಿಕೊಂಡು ಬಿದ್ದಿದ್ದರೆ ಹೋಲ್ಡಿನಲ್ಲಿ ಗಾಳಿ ಆಡಿದರೂ ಗೂಡಿನ ಗಾಳಿ ಸತ್ತೇ ಇರುತ್ತದೆ. ಮೇಲೆ ನಿಂತು ನೋಡಿದರೆ ಬಿಸಿಲು, ಬೆಳಕು, ಎಲ್ಲ ಸರಿ. ನಾಲ್ಕು ಮೆಟ್ಟಿಲು ಇಳಿದವನು ಕುಸಿಯುತ್ತಾನೆ.

ಉಸಿರು ಕಟ್ಟಿದಂತಾದರೆ ವಾಪಸ್ ಬರಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ಹಾಗೆ ಅನಿಸುವುದೇ ಇಲ್ಲ. ಉಸಿರುಗಟ್ಟುವ ಸಂಕಟ ಹುಟ್ಟುವುದು ಮುಖ್ಯವಾಗಿ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಬರೀ ಆಮ್ಲಜನಕ ಕಡಿಮೆಯಾದರೆ ಮೈ ಅಂಥ ಎಚ್ಚರಿಕೆ ಕೊಡುವುದಿಲ್ಲ. ಆಮ್ಲಜನಕ ತೀರ ಕಡಿಮೆ ಇರುವಲ್ಲಿ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತದೆ.

ಆದ್ದರಿಂದ ಗಾಳಿ ಅಳೆಯುವ ಮೀಟರ್ ಬೇಕೇ ಬೇಕು. ಅದನ್ನು ಚಾಲೂ ಮಾಡಬೇಕಾದ್ದು ಬಯಲ ಗಾಳಿಯಲ್ಲಿ, ಆಗ ಆಮ್ಲಜನಕ ಶೇ. 20.9 ತೋರಿಸಬೇಕು. ಏಣಿಬಾಯಿಯ ಹತ್ತಿರ ಚಾಲೂ ಮಾಡಿ ಶೂನ್ಯಕ್ಕೆ ಕೂರಿಸಿದರೆ ಕೆಟ್ಟ ಗಾಳಿಯನ್ನೇ ಒಳ್ಳೆಯದೆಂದು ನಂಬುತ್ತದೆ. ಆಮೇಲೆ ಕೊಳವೆ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ಕಡೆ ಅಳೆಯಬೇಕು. ಕೊಳವೆ ಉದ್ದವಿದ್ದಷ್ಟೂ ಗಾಳಿ ಮೇಲೆ ಬರಲು ಹೊತ್ತು ಹಿಡಿಯುತ್ತದೆ, ಅಂಕಿ ನಿಲ್ಲುವವರೆಗೆ ಕಾಯಬೇಕು. ಸಾಮಾನ್ಯವಾಗಿ ಮೀಟರ್ ಕೂಗುವುದು 19.5ಕ್ಕೆ ಇಳಿದಾಗ. ಆದರೆ 20.9ರ ಕೆಳಗೆ ಯಾವ ಅಂಕಿ ಬಂದರೂ ಆ ಆಮ್ಲಜನಕ ಎಲ್ಲಿ ಹೋಯಿತೆಂದು ಕೇಳಲೇಬೇಕು. ಜೊತೆಗೆ ಕಾರ್ಬನ್ ಮೊನಾಕ್ಸೈಡ್, ಮೀಥೇನ್ ಅಳತೆಯೂ ಆಗಬೇಕು. ಹಗೇವಿಗೆ ಕಂದೀಲು ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯನ್ನು ಇಲ್ಲಿ ತರಬೇಡಿ: ಕಾರ್ಬನ್ ಮೊನಾಕ್ಸೈಡ್ ಇದ್ದರೂ ದೀಪ ಆರುವುದಿಲ್ಲ, ಮೀಥೇನ್ ಇದ್ದರೆ ದೀಪವೇ ಸ್ಫೋಟಕ್ಕೆ ಕಿಡಿ.

ಒಳಗೆ ಒಬ್ಬ ಬಿದ್ದಿದ್ದು ಕಂಡರೆ ಇಳಿಯಬೇಡಿ. ಇಂಥ ದುರಂತಗಳಲ್ಲಿ ಎರಡನೆಯ, ಮೂರನೆಯ ಹೆಣ ಉಳಿಸಲು ಹೋದವನದೇ. ಕೂಗಿ ಜನ ಸೇರಿಸಿ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡ ತಂಡವೇ ಇಳಿಯಬೇಕು. ಮುಖಕ್ಕೆ ಕಟ್ಟುವ ಧೂಳಿನ ಮಾಸ್ಕ್ ಧೂಳು ಸೋಸುತ್ತದೆ, ಇಲ್ಲದ ಆಮ್ಲಜನಕವನ್ನು ಹುಟ್ಟಿಸುವುದಿಲ್ಲ.

ಪ್ರಶ್ನೆ: ಹಡಗು ಕಟ್ಟುವ ನೈಲಾನ್ ಹಗ್ಗ ಹರಿದರೆ ಕಾಲೇ ತುಂಡಾಗುತ್ತದೆ ಎನ್ನುವುದು ಉತ್ಪ್ರೇಕ್ಷೆಯೇ?
— ಓದುಗರು, ರಬಕವಿ

ಉತ್ತರ: ಅಲ್ಲ. ನೈಲಾನ್ ಎಳೆದಂತೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ಶಕ್ತಿ ತುಂಬಿಕೊಳ್ಳುತ್ತದೆ. ಹರಿದಾಗ ತುದಿ ಬಂದ ದಾರಿಯಲ್ಲೇ ವಾಪಸ್ ಬೀಸುತ್ತದೆ, ಕಣ್ಣಿಗೆ ಕಾಣದ ವೇಗದಲ್ಲಿ. ಮಗ್ಗದ ಮೇಲೆ ಬಿಗಿ ಎಳೆ ಹರಿದರೆ ಅದೂ ಹಿಂದಕ್ಕೆ ಸಿಡಿಯುತ್ತದೆ, ನೇಕಾರರ ಊರಿನ ನಿಮಗೆ ಹೇಳಬೇಕಿಲ್ಲ. ಇಲ್ಲಿ ಆ ಎಳೆ ತೋಳಿನಷ್ಟು ದಪ್ಪ. ಹಳದಿ ಬಣ್ಣ ಬಳಿದ ಗೆರೆಯ ಆಚೆ ನಿಂತರೆ ಸಾಕು ಎಂಬ ನಂಬಿಕೆ ಬೇಡ. ಹಗ್ಗ ರೋಲರ್ ಸುತ್ತಿ ತಿರುಗಿದ್ದರೆ ಸಿಡಿಯುವ ದಿಕ್ಕೂ ಬದಲಾಗುತ್ತದೆ, ಹಗ್ಗಕ್ಕೆ ಬಿಗಿ ಬಿದ್ದಾಗ ಆ ಜಾಗವೆಲ್ಲ ಅಪಾಯದ್ದೇ. ಬಿದ್ದ ಹಗ್ಗದ ಸುರುಳಿಯೊಳಗೆ ಕಾಲಿಡಬೇಡಿ. ಕಟ್ಟೆಯ ಗೂಟಕ್ಕೆ ಕುಣಿಕೆ ಹಾಕುವಾಗ ಬೆರಳು ಕುಣಿಕೆಯ ಒಳಮಗ್ಗುಲಲ್ಲಿ ಇರಬಾರದು, ಹೊರಗಿನಿಂದಲೇ ಹಿಡಿಯಬೇಕು. ಹಾಕಿದ ಮೇಲೆ ದೂರ ಸರಿದು, ಆಮೇಲೆ ಹಗ್ಗ ಎಳೆಯುವ ಯಂತ್ರದ (ವಿಂಚಿನ) ಹತ್ತಿರ ಇರುವವನಿಗೆ ಕೈ ಸನ್ನೆ.

ಪ್ರಶ್ನೆ: ಸರಕಿಗೆ ಕಟ್ಟಿ ಕ್ರೇನಿನ ಕೊಕ್ಕೆಗೆ ಸಿಕ್ಕಿಸುವ ಉಕ್ಕಿನ ವೈರ್ ರೋಪ್ ಸ್ಲಿಂಗ್ ಹಳತಾಗಿದೆ ಎಂದು ತೀರ್ಮಾನಿಸುವುದು ಹೇಗೆ? ಮೇಸ್ತ್ರಿ ‘ಇನ್ನೂ ನಡೆಯುತ್ತದೆ’ ಅನ್ನುತ್ತಾರೆ.
— ಓದುಗರು, ಗೋಕಾಕ

ಉತ್ತರ: ಎಣಿಸಿ. ರೋಪಿನ ದಪ್ಪದ 8 ಪಟ್ಟು ಉದ್ದದಲ್ಲಿ ಕಣ್ಣಿಗೆ ಕಾಣುವ ತುಂಡಾದ ತಂತಿಗಳು ಒಟ್ಟು ತಂತಿಗಳ ಶೇ. 10 ದಾಟಿದರೆ ಅದು ಗುಜರಿಗೆ. ಲೆಕ್ಕ ಹೀಗೆ: 20 ಮಿ.ಮೀ. ರೋಪ್, 6 ಎಳೆ, ಎಳೆಗೆ 19 ತಂತಿ, ಒಟ್ಟು 114. 160 ಮಿ.ಮೀ. ಉದ್ದದಲ್ಲಿ 12 ತಂತಿ ತುಂಡಾಗಿ ಕಂಡರೆ ಮುಗಿಯಿತು. ಹಕ್ಕಿಗೂಡಿನಂತೆ ಉಬ್ಬಿದ, ಮಡಿಸಿ ಮುರುಟಿದ, ಒಳಗೆ ತುಕ್ಕು ಹಿಡಿದ ರೋಪ್‌ಗೆ ಎಣಿಕೆಯೂ ಬೇಡ. ಬರಿಗೈಯಲ್ಲಿ ಸವರಿ ನೋಡಬೇಡಿ, ತುಂಡಾದ ತಂತಿ ಸೂಜಿಯಂತೆ ನುಗ್ಗುತ್ತದೆ. ಹತ್ತಿಬಟ್ಟೆ ಸುತ್ತಿ ಸವರಿದರೆ ಬಟ್ಟೆಯ ನೂಲು ಸಿಕ್ಕಿಕೊಂಡ ಕಡೆ ತಂತಿ ಎದ್ದಿದೆ ಎಂದರ್ಥ.

ರೋಪ್ ಹೊಸದಿದ್ದರೂ ಕೋನ ತಪ್ಪಿದರೆ ಹರಿಯುತ್ತದೆ. 1 ಟನ್ ಸರಕನ್ನು ಎರಡು ಕಾಲಿನ ಸ್ಲಿಂಗಿನಲ್ಲಿ ಎತ್ತಿದರೆ, ಕಾಲುಗಳ ನಡುವಿನ ಕೋನ 60 ಡಿಗ್ರಿ ಇದ್ದಾಗ ಒಂದೊಂದು ಕಾಲಿಗೆ ಸುಮಾರು 580 ಕೆ.ಜಿ. ಬೀಳುತ್ತದೆ. 90ಕ್ಕೆ 710. 120 ಡಿಗ್ರಿಗೆ ಒಂದೊಂದಕ್ಕೂ ಪೂರ್ತಿ 1 ಟನ್! ಸ್ಲಿಂಗ್ ಗಿಡ್ಡವಾಯಿತೆಂದು ಎಳೆದು ಅಗಲಿಸಿ ಕೊಕ್ಕೆಗೆ ಸಿಕ್ಕಿಸುವ ಚಾಳಿ ಇರುವಲ್ಲಿ ಇದನ್ನು ಗೋಡೆಯ ಮೇಲೆ ಬರೆಸಬೇಕು. ಮೇಸ್ತ್ರಿಗಂತೂ ತೋರಿಸಿ.

ಪ್ರಶ್ನೆ: ವಿಜಯಪುರದ 42 ಡಿಗ್ರಿ ಬಿಸಿಲಲ್ಲಿ ದುಡಿದವರು ಕಡಲ ದಂಡೆಯ 33 ಡಿಗ್ರಿಗೆ ತಲೆ ತಿರುಗಿ ಬೀಳುತ್ತಾರಂತೆ. ಏಕೆ?
— ಓದುಗರು, ಇಂಡಿ

ಉತ್ತರ: ಅಲ್ಲಿ ಮಣ್ಣಿನ ಗಡಿಗೆಯ ನೀರೂ ನಮ್ಮಲ್ಲಿಯಷ್ಟು ತಂಪಾಗುವುದಿಲ್ಲ, ಕಾರಣ ಒಂದೇ. ಒಣಗಾಳಿಯಲ್ಲಿ ಬೆವರು ಆರುತ್ತದೆ, ಆರುತ್ತ ಮೈಯನ್ನು ತಂಪು ಮಾಡುತ್ತದೆ. ಕಡಲ ತೇವದ ಗಾಳಿಯಲ್ಲಿ ಬೆವರು ಆರದೆ ಸುರಿಯುತ್ತದೆ. ನೀರೂ ಉಪ್ಪೂ ಹೋಗುತ್ತವೆ, ಮೈ ಮಾತ್ರ ತಣಿಯುವುದಿಲ್ಲ. ಹೊಸಬರಿಗೆ ಮೊದಲ ದಿನ ಬಿಸಿಲಲ್ಲಿ ಐದನೇ ಒಂದು ಪಾಲು ಕೆಲಸ, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸಬೇಕು. ಜಾತ್ರೆಗೆಂದು ಊರಿಗೆ ಬಂದು ಹದಿನೈದು ದಿನ ಇದ್ದು ಹೋದವರೂ ಅರ್ಧ ಕೆಲಸದಿಂದ ಶುರು ಮಾಡಲಿ, ಮೈಗೆ ಹತ್ತಿದ ರೂಢಿ ಅಷ್ಟರಲ್ಲಿ ಬಿಟ್ಟಿರುತ್ತದೆ. 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ಬಾಯಾರಲಿ ಬಿಡಲಿ. ಮಜ್ಜಿಗೆಗೆ ಉಪ್ಪು ಹಾಕಿ ಕುಡಿದರೆ ಇನ್ನೂ ಒಳ್ಳೆಯದು. ಜೊತೆಗಾರ ತೊದಲಿದರೆ, ಅಡ್ಡಾದಿಡ್ಡಿ ಮಾತಾಡಿದರೆ ಅದು ಬರೀ ಸುಸ್ತಲ್ಲ: ನೆರಳಿಗೆ ಒಯ್ದು, ಅಂಗಿ ಬಿಚ್ಚಿ, ಮೈತುಂಬ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಗೇಟಿನಲ್ಲಿ ಪ್ರತಿದಿನ ಪಾಸು, ಚೀಲ ತಪಾಸಣೆ. ಕೆಲವು ದಿನ ಮೈಯೂ ತಡವುತ್ತಾರೆ. ನಮ್ಮನ್ನೇ ಕಳ್ಳರೆಂದು ನೋಡುವುದೇ?
— ಓದುಗರು, ಮುಧೋಳ

ಉತ್ತರ: ಬೇಸರ ಸಹಜ. ಆದರೆ ಇದು ಕಳ್ಳತನದ ಲೆಕ್ಕವಲ್ಲ. ಐಎಸ್‌ಪಿಎಸ್ ಎಂಬ ಅಂತರರಾಷ್ಟ್ರೀಯ ಭದ್ರತಾ ಸಂಹಿತೆ 2004ರ ಜುಲೈ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಭದ್ರತೆಗೆ ಮೂರು ಹಂತ. ನಿತ್ಯದ್ದು 1, ಅಪಾಯದ ಸುಳಿವಿದ್ದರೆ 2, ಅಪಾಯ ಎದುರಿಗೇ ಇದ್ದರೆ 3. ಹಂತ ಏರಿದ ದಿನ ತಪಾಸಣೆಯೂ ಏರುತ್ತದೆ. ನಿಮ್ಮ ಪಾಸನ್ನು ಊರಿನ ಹುಡುಗನಿಗೆ ಒಂದು ದಿನಕ್ಕೆಂದು ಕೊಡಬೇಡಿ: ಒಳಗೆ ಅನಾಹುತವಾದರೆ ಹಾಜರಿ ನಿಮ್ಮ ಹೆಸರಲ್ಲಿ, ಗಾಯ ಅವನಿಗೆ, ಪರಿಹಾರ ಸಿಗುವುದೇ ಕಷ್ಟವಾಗಬಹುದು. ಬೇರೆಯವರ ಪೊಟ್ಟಣ ಹಡಗಿಗೆ ತಲುಪಿಸುವ ಕೆಲಸವನ್ನೂ ಒಪ್ಪಬೇಡಿ.

ಪ್ರಶ್ನೆ: ಆಲಮಟ್ಟಿ ಹಿನ್ನೀರಿನ ದೋಣಿಗಳಲ್ಲೂ ಈಗ ಲೈಫ್ ಜಾಕೆಟ್ ಕಾಣುತ್ತವೆ. ಬಂದರಿನಲ್ಲೂ ಅದೇ ನಡೆಯುತ್ತದೆಯೇ? ನೀರು ಕುಡಿದವನ ಹೊಟ್ಟೆ ಒತ್ತಬೇಕೇ?
— ಓದುಗರು, ಬೀಳಗಿ

ಉತ್ತರ: ಒಳಗಿನ ಚೀಟಿ ಓದಿ. 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದಿದ್ದರೆ ಅದು ಈಜು ಬಲ್ಲವರಿಗೆ, ದಡ ಹತ್ತಿರವಿದ್ದಾಗ. ಪ್ರಜ್ಞೆ ತಪ್ಪಿದವನನ್ನು ಅದು ಅಂಗಾತ ತಿರುಗಿಸುವುದಿಲ್ಲ. ಹಡಗುಕಟ್ಟೆಗೆ 150 ನ್ಯೂಟನ್ ಬೇಕು. ಗಾಳಿ ಉಬ್ಬುವ ಜಾಕೆಟ್ ಆದರೆ ಒಳಗಿನ ಗ್ಯಾಸ್ ಸಿಲಿಂಡರ್ ಬಿಗಿಯಾಗಿದೆಯೇ, ಅದರ ಮೂತಿ ತೂತಾಗಿಲ್ಲವೇ ಎಂದು ಹಾಕಿಕೊಳ್ಳುವ ಮುಂಚೆ ನೋಡಿ. ತೊಡೆಸಂದಿನ ಪಟ್ಟಿ ಕಟ್ಟದಿದ್ದರೆ ಜಾಕೆಟ್ ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ.

ಹೊಟ್ಟೆ ಒತ್ತಬೇಡಿ, ತಲೆಕೆಳಗು ಮಾಡಿ ತಿರುಗಿಸಲೂ ಬೇಡಿ. ಹೊಟ್ಟೆಯಲ್ಲಿದ್ದದ್ದು ಉಕ್ಕಿ ಶ್ವಾಸನಾಳಕ್ಕೆ ಹೋಗುತ್ತದೆ, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಮುಳುಗಿದವನಿಗೆ ಮೊದಲು ಬೇಕಾದ್ದು ಉಸಿರು. ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಐದು ಸಲ ಊದಿ. ಆಮೇಲೂ ಉಸಿರಾಡದಿದ್ದರೆ ಎದೆಯ ನಡುವೆ 5 ಸೆಂ.ಮೀ. ತಗ್ಗುವಂತೆ 30 ಸಲ ಒತ್ತಿ, ಎರಡು ಸಲ ಊದಿ, ಮತ್ತೆ 30. ವೇಗ ನಿಮಿಷಕ್ಕೆ 100ರಿಂದ 120. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ ಬಾಯಿ ಒರೆಸಿ, ಮತ್ತೆ ಅಂಗಾತ ಮಾಡಿ ಮುಂದುವರಿಸಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶಕ್ಕೆ ಹೋದ ನೀರು ಕೆಲವು ತಾಸುಗಳ ನಂತರ ತೊಂದರೆ ಕೊಡಬಹುದು.