ಅವರು ಹಾಸಿಗೆ ಹಿಡಿದಿರುವಾಗ ನಾನು ನಗಬಹುದಾ?

ಪ್ರಶ್ನೆ: ಅಕ್ಕಾ, ನಾನು ಮದ್ದೂರು ಕಡೆಯವಳು, ವಯಸ್ಸು 43. ನಮ್ಮ ಯಜಮಾನರಿಗೆ ಲಕ್ವ ಹೊಡೆದು ನಾಲ್ಕು ವರ್ಷ ಆಯಿತು. ಬಲಗೈ, ಬಲಗಾಲು ಬಿದ್ದುಹೋಗಿದೆ, ಮಾತು ನಿಂತಿದೆ. ಊರ ಹಬ್ಬದ ನಾಟಕದಲ್ಲಿ ಭೀಮನ ಪಾತ್ರ ಮಾಡುತ್ತಿದ್ದವರು ಈಗ ಸಿಟ್ಟು ಬಂದರೆ ತಟ್ಟೆ ಎಸೆಯುತ್ತಾರೆ. ಕಬ್ಬಿನ ಗದ್ದೆಯನ್ನು ವಾರಕ್ಕೆ, ಅಂದರೆ ಪಾಲಿಗೆ ಕೊಟ್ಟು, ಎರಡು ಹಸು ಇಟ್ಟುಕೊಂಡು ಡೈರಿಗೆ ಹಾಲು ಹಾಕುತ್ತೇನೆ. ಬುಧವಾರ ಬಂತೆಂದರೆ ಸಂಘದ ಸಾಲದ ಕಂತು. ಮೊನ್ನೆ ಪಕ್ಕದ ಮನೆಯವರ ಬೀಗರೂಟದಲ್ಲಿ ಯಾರೋ ಏನೋ ಹೇಳಿದ್ದಕ್ಕೆ ಜೋರಾಗಿ ನಕ್ಕುಬಿಟ್ಟೆ. ನಾದಿನಿ ಎಲ್ಲರ ಮುಂದೆ "ನಮ್ಮಣ್ಣ ಹಂಗೆ ಬಿದ್ದವ್ನೆ, ಇವಳಿಗೆ ನಗ ಬತ್ತದೆ" ಅಂದಳು. ಅವತ್ತಿನಿಂದ ಎಲ್ಲೂ ಹೋಗಿಲ್ಲ. ಕೆಲವು ರಾತ್ರಿ, ಬೆಳಗ್ಗೆ ಎದ್ದೇಳದಿದ್ದರೆ ಸಾಕಪ್ಪ ಅನಿಸುತ್ತದೆ. ಇನ್ನೆಷ್ಟು ದಿನ ತಡೆದುಕೊಳ್ಳೋದು?

ಉತ್ತರ: ತಂಗಿ, ಮೊದಲು ನಿಮ್ಮ ಕಾಗದದ ಕೊನೆಯ ಮಾತಿಗೆ ಬರುತ್ತೇನೆ, ನಗುವಿನ ವಿಷಯ ಆಮೇಲೆ. ಎದ್ದೇಳದಿದ್ದರೆ ಸಾಕು ಅನ್ನೋ ಯೋಚನೆಯನ್ನು ಒಬ್ಬರೇ ಇಟ್ಟುಕೊಂಡು ಮಲಗಬೇಡಿ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇರುತ್ತದೆ, ಅಲ್ಲಿಗೆ ಮನೋವೈದ್ಯರು ಬರುತ್ತಾರೆ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೂ ಆ ವಿಭಾಗ ಇದೆ. ಹುಚ್ಚರು ಹೋಗೋ ಜಾಗ ಅಂತ ಯಾರಾದರೂ ಅಂದರೆ, ಬಿಪಿ ತೋರಿಸೋಕೆ ಹೋಗಿದ್ದೆ ಅನ್ನಿ. ಹೋದಾಗ ಬಿಪಿಯನ್ನೂ ತೋರಿಸಿಬಿಡಿ, ನಾಲ್ಕು ವರ್ಷದಿಂದ ನಿಮ್ಮ ಬಿಪಿ ಯಾರು ನೋಡಿದ್ದಾರೆ?

ಇನ್ನು ನಗು. ನಗಬಹುದು. ಹದಿನೈದು ದಿನದ ಕಷ್ಟವಾದರೆ ಹಲ್ಲು ಕಚ್ಚಿಕೊಂಡು ಇದ್ದುಬಿಡಬಹುದು, ಎಲ್ಲ ಮುಗಿದ ಮೇಲೆ ನಗೋಣ, ಮುಗಿದ ಮೇಲೆ ನಿದ್ದೆ ಮಾಡೋಣ ಅಂತ. ನಿಮ್ಮದು ಆ ಥರದ್ದಲ್ಲ. ಇದಕ್ಕೆ ಇಂಥ ದಿನ ಮುಗಿಯುತ್ತೆ ಅನ್ನೋ ಲೆಕ್ಕ ಇಲ್ಲ, ಹಾಗಾಗಿ ನಿದ್ದೆ, ಊಟ, ಹಬ್ಬ, ನಗು ಎಲ್ಲವೂ ಇದರ ಒಳಗೇ ಆಗಬೇಕು. "ಇನ್ನೆಷ್ಟು ದಿನ" ಅಂತ ಎಣಿಸಿದಷ್ಟೂ ಜೀವ ಕುಗ್ಗುತ್ತದೆ. ಈ ವಾರ ಯಾವ ಎರಡು ಗಂಟೆ ನನ್ನದು ಅಂತ ಕೇಳಿಕೊಳ್ಳಿ.

ಆ ಎರಡು ಗಂಟೆ ಎಲ್ಲಿಂದ ಬರುತ್ತೆ ಅಂತೀರಾ? ನಾದಿನಿಯಿಂದ. ನಾನು ತಮಾಷೆ ಮಾಡುತ್ತಿಲ್ಲ. ಆಕೆಯ ಜೊತೆ ಜಗಳ ಬೇಡ, ಕೆಲಸ ಕೊಡಿ. "ಭಾನುವಾರ ಮಧ್ಯಾಹ್ನ ನಿಮ್ಮಣ್ಣನ ಹತ್ತಿರ ಕೂತ್ಕೊಳಮ್ಮ, ನಾನು ಸಂಜೆ ಹಾಲು ಕರೆಯೋ ಹೊತ್ತಿಗೆ ಬಂದುಬಿಡ್ತೀನಿ" ಅನ್ನಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಬೆನ್ನು ಹುಣ್ಣಾಗುತ್ತೆ ಅನ್ನೋದನ್ನೂ ತೋರಿಸಿಕೊಡಿ. ಒಂದು ಸಲ ಆ ಮೈಭಾರ ಹೊರಳಿಸಿದರೆ ಆಕೆಯ ಬಾಯಿ ತಾನಾಗಿ ಕಮ್ಮಿ ಆಗುತ್ತೆ.

ತಟ್ಟೆ ಎಸೆಯೋದನ್ನು ಬರೀ ಸಿಟ್ಟು ಅಂದುಕೊಳ್ಳಬೇಡಿ. ಲಕ್ವ ಹೊಡೆದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಔಷಧಿ ಇದೆ. ಮಂಗಳವಾರ ಅವರ ಚೀಟಿಯನ್ನೂ ತೆಗೆದುಕೊಂಡು ಹೋಗಿ. ಇನ್ನೊಂದು ವಿಷಯ ಇದೆ, ನಿಮ್ಮ ಕಾಗದ ಓದಿದಾಗ ನನಗೆ ಮೊದಲು ಹೊಳೆದದ್ದು ಅದೇ. ಬಲಭಾಗ ಬಿದ್ದು ಮಾತೂ ಹೋದವರಿಗೆ ಸಾಮಾನ್ಯವಾಗಿ ಪೆಟ್ಟು ಬಿದ್ದಿರೋದು ಮೆದುಳಿನ ಎಡಭಾಗಕ್ಕೆ, ಮಾತಿನ ಕೆಲಸ ಇರೋದು ಹೆಚ್ಚಾಗಿ ಅಲ್ಲೇ. ಆಡಲಾಗದಿದ್ದರೂ ನಾವು ಹೇಳಿದ್ದು ಅವರಿಗೆ ಎಷ್ಟೋ ಅರ್ಥವಾಗುತ್ತಿರಬಹುದು, ಹೇಳೋಕಾಗದೆ ಒಳಗೇ ಕುದಿಯುತ್ತಿರಬಹುದು. ಒಂದು ಮಾತೂ ಆಡಲಾಗದ ಕೆಲವರು ಗೊತ್ತಿರುವ ಹಾಡನ್ನು ಮಾತ್ರ ಪದ ಸಮೇತ ಹಾಡುತ್ತಾರೆ. ಭೀಮನ ಪಾತ್ರ ಮಾಡಿದವರು ಅಂದಿರಲ್ಲ, ಎಷ್ಟು ರಂಗಗೀತೆ ಬಾಯಿಪಾಠ ಇರಬೇಡ! ಒಂದು ಸಂಜೆ ನೀವೇ ಶುರುಮಾಡಿ ನೋಡಿ, ರಾಗ ತಪ್ಪಿದರೂ ಪರವಾಗಿಲ್ಲ. ಹಾಡದಿದ್ದರೆ ಬಲವಂತ ಬೇಡ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಮಾತು ಮರಳಿ ಕಲಿಸೋ ತರಬೇತಿ ಅಲ್ಲಿ ಕೊಡುತ್ತಾರೆ. ನಾಲ್ಕು ವರ್ಷ ಆಯಿತಲ್ಲ ಅಂತ ಬಿಟ್ಟುಬಿಡಬೇಡಿ, ಒಂದು ಸಲ ತೋರಿಸಿ. ನಿಮಗೆ ಶಕ್ತಿ ಯೋಜನೆಯ ಬಸ್ಸು ಹೇಗೂ ಇದೆ. ಅವರ ಅಂಗವಿಕಲ ಗುರುತಿನ ಚೀಟಿ, ಪಿಂಚಣಿ ಇನ್ನೂ ಆಗಿಲ್ಲದಿದ್ದರೆ ಪಂಚಾಯ್ತಿಯಲ್ಲಿ ಅದಕ್ಕೆಂದೇ ಇರುವ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ.

ಸಾಲದ್ದು ಚಿಕ್ಕದಾಗಿ ಹೇಳುತ್ತೇನೆ. ಮನೆ ಬಾಗಿಲಲ್ಲಿ ಕೂತು ಬೆದರಿಸಿ ವಸೂಲಿ ಮಾಡೋದು ಅಪರಾಧ ಅಂತ 2025ರಲ್ಲಿ ನಮ್ಮ ರಾಜ್ಯದಲ್ಲೇ ಕಾನೂನು ಬಂದಿದೆ. ಸಾಲ ಮನ್ನಾ ಆಯಿತು ಅಂತಲ್ಲ, ಮರ್ಯಾದೆ ತೆಗೆಯೋ ಹಾಗಿಲ್ಲ ಅಂತ. ಕಿರುಕುಳ ಆದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ನಂಬರ್. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಮತ್ತೆ, ಕಂತು ಕಟ್ಟೋಕೆ ಇನ್ನೊಂದು ಸಂಘದಲ್ಲಿ ಸಾಲ ತೆಗೆಯಬೇಡಿ. ದಯವಿಟ್ಟು.

ಮುಂದಿನ ಬೀಗರೂಟಕ್ಕೆ ಹೋಗಿ. ಬರುವಾಗ ಅಲ್ಲಿ ನಡೆದದ್ದನ್ನೆಲ್ಲ ಅವರಿಗೂ ಹೇಳಿ, ನಗು ಬಂದ ಮಾತನ್ನೂ ಸೇರಿಸಿ.

ಪ್ರಶ್ನೆ: ನಾನು ಮೈಸೂರಿನವನು. ಗೆಳೆಯನ ಮಗುವಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಏನು ಮಾತಾಡಬೇಕೋ ತಿಳಿಯದೆ ಫೋನ್ ಮಾಡೋದನ್ನೇ ಬಿಟ್ಟಿದ್ದೇನೆ. ಹೇಗೆ ಸಮಾಧಾನ ಹೇಳಲಿ?

ಉತ್ತರ: ಸಮಾಧಾನ ಹೇಳೋಕೆ ಅವರಿಗೆ ಆಗಲೇ ಊರೆಲ್ಲ ಇದೆ. ನೀವು ಕ್ರಿಕೆಟ್ ಮಾತಾಡಿ, ಆಫೀಸಿನ ಗಾಸಿಪ್ ಹೇಳಿ. "ಏನಾದ್ರೂ ಬೇಕಾದ್ರೆ ಹೇಳು" ಅನ್ನಬೇಡಿ, ಹಾಗಂದರೆ ಏನು ಬೇಕು ಅಂತ ಯೋಚಿಸೋ ಕೆಲಸವೂ ಅವರ ತಲೆಗೇ. "ಭಾನುವಾರ ಬೆಳಗ್ಗೆ ಬರ್ತೀನಿ, ಮಗು ಜೊತೆ ಹೇಗಿರಬೇಕು ತೋರಿಸಿಕೊಡಿ, ನೀವಿಬ್ಬರೂ ಕುಕ್ಕರಹಳ್ಳಿ ಕೆರೆ ಸುತ್ತು ಹಾಕಿ ಬನ್ನಿ" ಅನ್ನಿ. ಹೋದಾಗಲೆಲ್ಲ "ಏನಾದರೂ ಇಂಪ್ರೂವ್‌ಮೆಂಟ್ ಇದೆಯಾ" ಅಂತ ಕೇಳೋದನ್ನು ಬಿಡಿ, ಇದ್ದರೆ ಅವರೇ ಕುಣಿದುಕೊಂಡು ಹೇಳುತ್ತಾರೆ. ಇಷ್ಟು ದಿನ ಎಲ್ಲಿ ಸತ್ತಿದ್ದೆ ಅಂತ ಗೆಳೆಯ ಬೈದರೆ ಬೈಸಿಕೊಳ್ಳಿ.